ಹಳೆಯ ವಿಂಡೋಸ್‌ಗೆ ಮರಳಿದ ಮೇಲೆ ಕಂಪ್ಯೂಟರ್‌ನ ಸದ್ದು ನಿಂತರೆ: ದೋಷ ನಿವಾರಣೆ ಕೈಪಿಡಿ

ವಿಂಡೋಸ್ 11 ಹಾಕಿಕೊಂಡು ನಾಲ್ಕಾರು ದಿನ ಬಳಸಿದ ಮೇಲೆ, ಹಳೆಯ ಪ್ರಿಂಟರ್ ಒಪ್ಪಲಿಲ್ಲವೆಂದೋ, ಡಿಟಿಪಿ ಕೆಲಸಕ್ಕೆ ಬೇಕಾದ ತಂತ್ರಾಂಶ ತೆರೆಯಲಿಲ್ಲವೆಂದೋ, ಯಂತ್ರ ನಿಧಾನವಾಯಿತೆಂದೋ ವಿಂಡೋಸ್ 10ಕ್ಕೆ ಮರಳುವವರಿದ್ದಾರೆ. ಮರಳಿದ ಮೇಲೆ ಕಡತಗಳು ಇದ್ದಲ್ಲೇ ಇರುತ್ತವೆ, ವೈಫೈ ಸಿಗುತ್ತದೆ, ಪರದೆಯೂ ಸರಿಯಾಗಿರುತ್ತದೆ. ಸದ್ದು ಮಾತ್ರ ಹೋಗಿರುತ್ತದೆ. ಆಗ ಸ್ಪೀಕರ್ ಸುಟ್ಟುಹೋಯಿತೇನೋ ಎಂಬ ಅನುಮಾನ ಮೊದಲು ಬರುವುದು ಸಹಜ. ಆದರೆ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದ ದಿನವೇ ಸ್ಪೀಕರ್ ಕೂಡ ಕೆಡುವುದು ಬಹಳ ಅಪರೂಪ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ವಿಂಡೋಸ್ ಹಿಂದಕ್ಕೆ ಹೋಗಿದೆ, ಆದರೆ ಸದ್ದಿಗೆ ಬೇಕಾದ ಬಿಡಿಭಾಗಗಳಲ್ಲಿ ಯಾವುದೋ ಒಂದು ಅದರ ಜೊತೆಗೆ ಹಿಂದಕ್ಕೆ ಹೋಗಿಲ್ಲ. ಆ ಒಂದು ಯಾವುದೆಂದು ಗುರುತಿಸುವುದೇ ಈ ಕೈಪಿಡಿಯ ಕೆಲಸ.

ಇಲ್ಲಿ ವಿಂಡೋಸ್ 11ರಿಂದ 10ಕ್ಕೆ ಮರಳಿದ ಸಂದರ್ಭವನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಹಾಗೆಯೇ, ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಯಾವ ದಾರಿಯಲ್ಲಿ ಮರಳಿದಿರಿ?

ಮರಳುವ ದಾರಿ ಎರಡು. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಒತ್ತಿ ಮರಳುವುದು ಒಂದು. ಹೊಸ ವಿಂಡೋಸ್ ಹಾಕಿದ ಮೇಲೆ ಸಾಮಾನ್ಯವಾಗಿ 10 ದಿನ ಮಾತ್ರ ಈ ಅವಕಾಶವಿರುತ್ತದೆ, ಏಕೆಂದರೆ ಹಳೆಯ ವಿಂಡೋಸ್ ಅನ್ನು ಇಟ್ಟುಕೊಂಡಿರುವ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಆ ಬಳಿಕ ಅಳಿಸಿಹೋಗುತ್ತದೆ. ಪೆನ್ ಡ್ರೈವ್‌ನಿಂದ ಡಿಸ್ಕ್ ಅಳಿಸಿ ವಿಂಡೋಸ್ 10ನ್ನು ಹೊಸದಾಗಿ ಹಾಕುವುದು ಇನ್ನೊಂದು.

ಈ ವ್ಯತ್ಯಾಸ ಮುಖ್ಯ. ಗೋ ಬ್ಯಾಕ್ ಮೂಲಕ ಬಂದವರಲ್ಲಿ ಹಳೆಯ ಡ್ರೈವರ್ (ಯಂತ್ರದ ಬಿಡಿಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಪುಟ್ಟ ತಂತ್ರಾಂಶ) ಇರುತ್ತದೆ; ಆದರೆ ಅದರ ನೋಂದಣಿ ಹದಗೆಟ್ಟಿರಬಹುದು, ಅಥವಾ ಮರಳಿದ ಮರುಗಳಿಗೆಯೇ ವಿಂಡೋಸ್ ಅಪ್‌ಡೇಟ್ ಅದರ ಮೇಲೆ ಬೇರೊಂದನ್ನು ಹೇರಿರಬಹುದು. ಹೊಸದಾಗಿ ಹಾಕಿದವರಲ್ಲಿ ತಯಾರಕರ ಡ್ರೈವರ್ ಮೊದಲಿಗೆ ಇರುವುದೇ ಇಲ್ಲ. ಎರಡೂ ದಾರಿಗೆ ಸಮಾನವಾದ ಒಂದು ಸಂಗತಿಯಿದೆ: ವಿಂಡೋಸ್ 11ರಲ್ಲಿದ್ದಾಗ ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದ್ದರೆ, ವಿಂಡೋಸ್ ಹಿಂದಕ್ಕೆ ಹೋದರೂ ಬಯಾಸ್ ಹಿಂದಕ್ಕೆ ಹೋಗುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತೃತ ಯೋಜನೆಗೆ ಸೇರಿದವರಿಗೂ ಬರುವುದು ಭದ್ರತೆಯ ಅಪ್‌ಡೇಟ್‌ಗಳು ಮಾತ್ರ. ಆದ್ದರಿಂದ ಮುಂದಿನ ಅಪ್‌ಡೇಟ್‌ನಲ್ಲಿ ಸದ್ದು ತಾನಾಗಿ ಸರಿಹೋದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಕೈ ಹಚ್ಚುವ ಮೊದಲು

ಪರೀಕ್ಷೆ ನಡೆಸುವಾಗ ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳಬೇಡಿ. ಡ್ರೈವರ್ ಬದಲಾದಾಗ ವಾಲ್ಯೂಮ್ ಮಟ್ಟ ತಾನಾಗಿ ಏರಿರಬಹುದು, ಸದ್ದು ಮರಳಿ ಬರುವ ಗಳಿಗೆಯಲ್ಲಿ ಕಿವಿಗೆ ಬಡಿಯುವಷ್ಟು ಜೋರಾಗಿರಬಹುದು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ವಾಲ್ಯೂಮ್ 20ರ ಸುಮಾರಿನಲ್ಲಿರಿಸಿ ಆರಂಭಿಸಿ.

ಡ್ರೈವರ್ ತೆಗೆಯುವ ಹಂತಕ್ಕೆ ಹೋಗುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ಕೆಟ್ಟರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸಲು ನೆರವಾಗುವ ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ನಿಮ್ಮ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಯಾಸ್‌ನಲ್ಲಿ ಯಾವುದೋ ಒಂದು ಆಯ್ಕೆಯನ್ನು ಬದಲಿಸಿದ ಕೂಡಲೇ ಯಂತ್ರ ಆ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದವರಿಗೆ ಸದ್ದಿನ ಜೊತೆಗೆ ಕಡತಗಳೂ ಕೈತಪ್ಪುತ್ತವೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದಲ್ಲಿ ಬರೆದಿಡಿ. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ಸದ್ದು ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮರುದಿನ ಮತ್ತೆ ಹೋದಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು 'ಶಟ್ ಡೌನ್' ಆಯ್ಕೆ ಮಾಡಿ, ಒಂದು ನಿಮಿಷ ಬಿಟ್ಟು ಯಂತ್ರವನ್ನು ಮತ್ತೆ ಹಚ್ಚಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಸಾಮಾನ್ಯ ಶಟ್ ಡೌನ್ ಪೂರ್ತಿ ಆರುವುದಲ್ಲ. ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಶಿಫ್ಟ್ ಹಿಡಿದು ಆರಿಸಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಇಷ್ಟರಿಂದಲೇ ಸದ್ದು ಬಂದರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ.

ಲಕ್ಷಣ: ಸ್ಪೀಕರ್ ಐಕಾನ್ ಸರಿಯಾಗಿದೆ, ಆದರೆ ಏನೂ ಕೇಳಿಸುವುದಿಲ್ಲ

ಐಕಾನ್ ಮೇಲೆ ಯಾವ ಗುರುತೂ ಇಲ್ಲದಿದ್ದರೆ ವಿಂಡೋಸ್‌ಗೆ ಒಂದು ಧ್ವನಿ ಸಾಧನ ಸಿಕ್ಕಿದೆ ಎಂದೇ ಅರ್ಥ. ಅದು ನೀವು ಕೇಳಬಯಸುವ ಸಾಧನವೇ ಎಂಬುದು ಬೇರೆ ಪ್ರಶ್ನೆ. ವಿಂಡೋಸ್ ಬದಲಾದಾಗ ಯಾವ ಸಾಧನಕ್ಕೆ ಸದ್ದು ಹೋಗಬೇಕೆಂಬ ಆಯ್ಕೆ ಅಳಿಸಿಹೋಗಿ, ಎಚ್‌ಡಿಎಂಐ ಕೇಬಲ್‌ನಲ್ಲಿರುವ ಮಾನಿಟರ್ ಅಥವಾ ಹಿಂದೆಂದೋ ಜೋಡಿಸಿದ್ದ ಬ್ಲೂಟೂತ್ ಸಾಧನ ಮುಖ್ಯವಾಗಿಬಿಡುತ್ತದೆ. ನನ್ನ ಮಾನಿಟರ್‌ಗೆ ಸ್ಪೀಕರೇ ಇಲ್ಲ, ಹಿಂಬದಿಯಲ್ಲಿ ಒಂದು ಹೆಡ್‌ಫೋನ್ ತೂತಿದೆ ಅಷ್ಟೆ. ವಿಂಡೋಸ್ ಅದನ್ನೇ ನಂಬಿ ಸದ್ದನ್ನೆಲ್ಲ ಅಲ್ಲಿಗೆ ಕಳಿಸುತ್ತಿತ್ತು. ಎರಡು ಸಂಜೆ ಡ್ರೈವರ್ ತೆಗೆದು ಹಾಕಿದ ಮೇಲೆ ನನಗದು ಹೊಳೆಯಿತು.

ಟಾಸ್ಕ್‌ಬಾರ್‌ನ ಸ್ಪೀಕರ್ ಐಕಾನ್ ಮೇಲೆ ಒಮ್ಮೆ ಒತ್ತಿದರೆ ಈಗಿನ ಸಾಧನದ ಹೆಸರು ಕಾಣುತ್ತದೆ; ಅದರ ಪಕ್ಕದ ಬಾಣದ ಗುರುತಿನಲ್ಲಿ ಉಳಿದ ಸಾಧನಗಳ ಪಟ್ಟಿಯಿದೆ. ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಇದ್ದರೆ ಆರಿಸಿಕೊಳ್ಳಿ. ಇಲ್ಲದಿದ್ದರೆ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸೌಂಡ್ಸ್' ತೆರೆದು 'ಪ್ಲೇಬ್ಯಾಕ್' ಟ್ಯಾಬ್‌ಗೆ ಹೋಗಿ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಎಂಬುದಕ್ಕೆ ಗುರುತು ಹಾಕಿ. ಮಸುಕಾಗಿ ಕಾಣುವ ಸ್ಪೀಕರ್ ಅಲ್ಲಿ ಹೊರಬಂದರೆ 'ಎನೇಬಲ್' ಮಾಡಿ.

ಅದೇ ಟ್ಯಾಬ್‌ನಲ್ಲಿ ಇನ್ನೊಂದು ಸುಳಿವಿದೆ. ಯಾವುದಾದರೂ ಹಾಡು ಹಾಕಿ, ಸ್ಪೀಕರ್ ಹೆಸರಿನ ಬಲಕ್ಕಿರುವ ಪಟ್ಟಿಗಳಲ್ಲಿ ಹಸಿರು ಏರಿಳಿಯುತ್ತಿದೆಯೇ ಎಂದು ನೋಡಿ. ಹಸಿರು ಕುಣಿಯುತ್ತಿದ್ದರೆ ಆ ಕಾರ್ಯಕ್ರಮವೂ ವಿಂಡೋಸೂ ತಮ್ಮ ಕೆಲಸ ಮಾಡುತ್ತಿವೆ. ದೋಷವಿರುವುದು ಅವುಗಳಿಂದಾಚೆಗೆ, ಅಂದರೆ ಡ್ರೈವರ್, ತಪ್ಪು ಸಾಧನ, ತಂತಿ, ಮ್ಯೂಟ್ ಗುಂಡಿ ಅಥವಾ ಆಂಪ್ಲಿಫೈಯರ್‌ನಲ್ಲಿ. ಹಸಿರು ಅಲುಗದೆ ಇದ್ದರೆ ಸದ್ದು ಅಲ್ಲಿಯವರೆಗೆ ಬರುತ್ತಲೇ ಇಲ್ಲ. 'ವಾಲ್ಯೂಮ್ ಮಿಕ್ಸರ್' ತೆರೆದು ಬ್ರೌಸರ್ ಅಥವಾ ಪ್ಲೇಯರ್‌ನ ಕಡ್ಡಿ ಕೆಳಗಿಳಿದಿದೆಯೇ ನೋಡಿ. ಸೌಂಡ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ 'ಆ್ಯಪ್ ವಾಲ್ಯೂಮ್ ಅಂಡ್ ಡಿವೈಸ್ ಪ್ರಿಫರೆನ್ಸಸ್' ಪುಟದಲ್ಲಿ 'ರಿಸೆಟ್' ಒತ್ತಿದರೆ ಪ್ರತಿ ಕಾರ್ಯಕ್ರಮಕ್ಕೆ ಬೇರೆಬೇರೆಯಾಗಿ ಉಳಿದುಕೊಂಡಿದ್ದ ಆಯ್ಕೆಗಳೆಲ್ಲ ಸಹಜ ಸ್ಥಿತಿಗೆ ಬರುತ್ತವೆ.

ಹಸಿರು ಕುಣಿಯುತ್ತಿದ್ದೂ ಸದ್ದು ಬಾರದಿದ್ದರೆ, ಸ್ಪೀಕರ್‌ನ 'ಪ್ರಾಪರ್ಟೀಸ್'ನಲ್ಲಿ 'ಎನ್‌ಹಾನ್ಸ್‌ಮೆಂಟ್ಸ್' ಟ್ಯಾಬ್ ಇದ್ದಲ್ಲಿ ಅಲ್ಲಿನ ಪರಿಣಾಮಗಳನ್ನೆಲ್ಲ ನಿಲ್ಲಿಸಿ ನೋಡಿ. ಧ್ವನಿಗೆ ಮೆರುಗು ಕೊಡುವ ತಂತ್ರಾಂಶದ ಅರ್ಧ ಭಾಗ ಹೊಸ ವಿಂಡೋಸ್ ಜೊತೆ ಅಳಿಸಿಹೋಗಿ ಉಳಿದರ್ಧ ಇಲ್ಲಿ ಸಿಕ್ಕಿಕೊಂಡಿದ್ದರೆ ಸದ್ದು ಪೂರ್ತಿ ನಿಲ್ಲಬಹುದು ಅಥವಾ ಕೊಳಾಯಿಯೊಳಗಿಂದ ಬಂದಂತೆ ಕೇಳಿಸಬಹುದು.

ಲಕ್ಷಣ: ಸ್ಪೀಕರ್ ಐಕಾನ್ ಮೇಲೆ ಕೆಂಪು ಗುಣಾಕಾರದ ಗುರುತು

ಐಕಾನ್ ಮೇಲೆ ಮೌಸ್ ಒಯ್ದು ಒಂದು ಗಳಿಗೆ ನಿಲ್ಲಿಸಿ. ಅಲ್ಲಿ ಕಾಣುವ ಸಾಲಿನ ಮೇಲೆ ಮುಂದಿನ ದಾರಿ ನಿಂತಿದೆ.

ಧ್ವನಿ ಸೇವೆ (ಹಿನ್ನೆಲೆಯಲ್ಲಿ ಓಡುವ ವಿಂಡೋಸ್‌ನ ಒಂದು ಕಾರ್ಯಕ್ರಮ) ಚಾಲ್ತಿಯಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಅದು ಸಮಾಧಾನದ ಸುದ್ದಿ. ಡ್ರೈವರ್‌ನ ಗೊಡವೆ ಸದ್ಯಕ್ಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಎಂದು ಹುಡುಕಿ ತೆರೆದು, ಪಟ್ಟಿಯಲ್ಲಿ 'ವಿಂಡೋಸ್ ಆಡಿಯೋ' ಮತ್ತು 'ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್' ಎಂಬ ಎರಡು ಸೇವೆಗಳನ್ನು ಗುರುತಿಸಿ. ಎರಡೂ 'ಆಟೊಮ್ಯಾಟಿಕ್' ಆಗಿರಬೇಕು, ಎರಡೂ 'ರನ್ನಿಂಗ್' ಎಂದು ತೋರಿಸಬೇಕು. ಎಂಡ್‌ಪಾಯಿಂಟ್ ಬಿಲ್ಡರನ್ನು ಮೊದಲು 'ರೀಸ್ಟಾರ್ಟ್' ಮಾಡಿ, ಏಕೆಂದರೆ ಮೊದಲನೆಯದು ಇದನ್ನೇ ನೆಚ್ಚಿಕೊಂಡಿದೆ. 1068 ಎಂಬ ಎರರ್ ಬಂದರೆ ಸೇವೆ ನೆಚ್ಚಿಕೊಂಡಿರುವ ಇನ್ನೊಂದು ಸೇವೆ ಏಳಲಿಲ್ಲ ಎಂದರ್ಥ. ಆ ಸೇವೆಯ 'ಡಿಪೆಂಡೆನ್ಸೀಸ್' ಟ್ಯಾಬ್‌ನಲ್ಲಿ ಅದರ ಹೆಸರಿರುತ್ತದೆ.

ಸೇವೆ ಎಷ್ಟು ಸಲ ಎಬ್ಬಿಸಿದರೂ ಬೀಳುತ್ತಿದ್ದರೆ ಹಿಂದಿರುಗುವ ಹಾದಿಯಲ್ಲಿ ವಿಂಡೋಸ್‌ನ ಕಡತಗಳೇ ಹಾಳಾಗಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಎಸ್‌ಎಫ್‌ಸಿ', ಒಂದು ಖಾಲಿ ಜಾಗ, ಓರೆಗೆರೆ, 'ಸ್ಕ್ಯಾನ್‌ನೌ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ (sfc /scannow) ಟೈಪ್ ಮಾಡಿ ಎಂಟರ್ ಒತ್ತಿ. ಅದು ಮುಗಿಯುವವರೆಗೆ ಯಂತ್ರವನ್ನು ಆರಿಸಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ.

ಸ್ಪೀಕರ್ ಅಥವಾ ಹೆಡ್‌ಫೋನ್ ಸಿಕ್ಕಿಸಿಲ್ಲ ಎಂಬ ಸಾಲು ಹೆಚ್ಚಾಗಿ ಡೆಸ್ಕ್‌ಟಾಪ್‌ಗಳಲ್ಲಿ ಕಾಣುತ್ತದೆ. ಡ್ರೈವರ್ ಇದೆ, ಆದರೆ ತೂತಿನಲ್ಲಿ ಪಿನ್ ಇರುವುದು ಅದಕ್ಕೆ ತಿಳಿದಿಲ್ಲ. ಹಿಂಬದಿಯ ಹಸಿರು ತೂತಿಗೇ ಪಿನ್ ಹಾಕಿದ್ದೀರಾ ನೋಡಿ, ಒಮ್ಮೆ ಕಿತ್ತು ಗಟ್ಟಿಯಾಗಿ ಹಾಕಿ, ಬಳಿಕ ಮುಂಬದಿಯ ತೂತಿನಲ್ಲಿ ಪ್ರಯತ್ನಿಸಿ. ಧ್ವನಿ ಸಾಧನವೇ ಇಲ್ಲ ಎಂಬ ಸಾಲು ಬಂದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಬೇಕು.

ಲಕ್ಷಣ: ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಅಥವಾ ಹೆಸರಿಲ್ಲದ ಸಾಧನ

ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಅಲ್ಲಿ 'ಸೌಂಡ್, ವಿಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್' ಗುಂಪನ್ನು ತೆರೆಯಿರಿ. 'ಅದರ್ ಡಿವೈಸಸ್' ಎಂಬ ಗುಂಪಿದ್ದರೆ ಅದನ್ನೂ ನೋಡಿ. ತ್ರಿಕೋನವಿರುವ ಸಾಧನದ ಮೇಲೆ ಎರಡು ಸಲ ಒತ್ತಿದಾಗ ಬರುವ ಕೋಡ್ ಸಂಖ್ಯೆಯನ್ನು ಬರೆದುಕೊಳ್ಳಿ.

ಕೋಡ್ 28 ಎಂದರೆ ಡ್ರೈವರ್ ಇಲ್ಲವೇ ಇಲ್ಲ. ಡಿಸ್ಕ್ ಅಳಿಸಿ ಹೊಸದಾಗಿ ಹಾಕಿದವರಲ್ಲಿ ಇದು ನಿರೀಕ್ಷಿತ. ಕೋಡ್ 22 ಎಂದರೆ ಸಾಧನವನ್ನು ಯಾರೋ ನಿಲ್ಲಿಸಿದ್ದಾರೆ, 'ಎನೇಬಲ್' ಮಾಡಿದರೆ ಮುಗಿಯಿತು. ಕೋಡ್ 39 ಎಂದರೆ ಡ್ರೈವರ್ ಕಡತ ಕಾಣೆಯಾಗಿದೆ ಅಥವಾ ಹಾಳಾಗಿದೆ. ಕೋಡ್ 10 ಎಂದರೆ ಡ್ರೈವರ್ ಇದೆ, ಆದರೆ ಸಾಧನವನ್ನು ಎಬ್ಬಿಸಲು ಅದರಿಂದ ಆಗುತ್ತಿಲ್ಲ. ವಿಂಡೋಸ್ 11ಕ್ಕೆ ಬರೆದದ್ದು 10ರಲ್ಲಿ ಉಳಿದಾಗ, ಅಥವಾ ಜೋಡಿಯಾಗಿ ಇರಬೇಕಾದ ಎರಡು ಡ್ರೈವರ್‌ಗಳ ಆವೃತ್ತಿ ಹೊಂದದೆ ಇದ್ದಾಗ ಇದು ಬರುತ್ತದೆ. ಕೋಡ್ 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪಿಲ್ಲ. ಸಹಿಯ ತಪಾಸಣೆಯನ್ನೇ ನಿಲ್ಲಿಸಿಬಿಡಿ ಎಂಬ ಸಲಹೆ ಹಲವೆಡೆ ಸಿಗುತ್ತದೆ. ಅದನ್ನು ಪಾಲಿಸಬೇಡಿ, ಸಹಿಯಿಲ್ಲದ ಡ್ರೈವರ್ ವಿಂಡೋಸ್‌ನ ಒಳಮನೆಗೇ ಪ್ರವೇಶ ಪಡೆಯುತ್ತದೆ.

ಡ್ರೈವರ್ ತರಬೇಕಾದ ಮೊದಲ ಜಾಗ ಯಂತ್ರದ ತಯಾರಕರ ಜಾಲತಾಣ. ಲ್ಯಾಪ್‌ಟಾಪ್‌ನ ಅಡಿಯ ಚೀಟಿಯಲ್ಲಿರುವ ಮಾದರಿಯ ಹೆಸರು ಅಥವಾ ಸೇವಾ ಸಂಖ್ಯೆಯನ್ನು ಕೊಟ್ಟು, ಕಾರ್ಯಾಚರಣ ವ್ಯವಸ್ಥೆಯ ಜಾಗದಲ್ಲಿ ವಿಂಡೋಸ್ 10, 64 ಬಿಟ್ ಎಂದು ಆರಿಸಿ. ಒಂದೇ ಗುಂಡಿಯಲ್ಲಿ ಎಲ್ಲ ಡ್ರೈವರ್ ಹಾಕಿಕೊಡುತ್ತೇವೆನ್ನುವ ಉಚಿತ ತಂತ್ರಾಂಶಗಳಿಂದ ದೂರವಿರಿ. ಅವು ಊಹೆಯ ಮೇಲೆ ಆರಿಸುವುದರಿಂದ ಒಂದು ದೋಷ ಎರಡಾಗುವುದೇ ಹೆಚ್ಚು.

ಧ್ವನಿಯ ಚಿಪ್ ಯಾರದೆಂದು ತಿಳಿಯದಿದ್ದರೆ ಸಾಧನದ 'ಡೀಟೇಲ್ಸ್' ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಅಲ್ಲಿನ ಉದ್ದ ಸಾಲಿನಲ್ಲಿ 'ವೆನ್' (VEN) ಎಂಬ ಮೂರಕ್ಷರದ ನಂತರದ ನಾಲ್ಕು ಗುರುತುಗಳು ತಯಾರಕರದು: 10ಇಸಿ ಆದರೆ ರಿಯಲ್‌ಟೆಕ್, 14ಎಫ್1 ಆದರೆ ಕಾನೆಕ್ಸೆಂಟ್, 8086 ಆದರೆ ಇಂಟೆಲ್. 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಮ್‌ಡಿ. ಇವೆರಡು ಸಾಮಾನ್ಯವಾಗಿ ಎಚ್‌ಡಿಎಂಐ ಮೂಲಕ ಮಾನಿಟರ್‌ಗೆ ಹೋಗುವ ಸದ್ದು, ಲ್ಯಾಪ್‌ಟಾಪ್‌ನ ಸ್ಪೀಕರ್‌ಗೆ ಸಂಬಂಧಿಸಿದ್ದಲ್ಲ.

ತಯಾರಕರ ಪುಟದಲ್ಲಿ ವಿಂಡೋಸ್ 11ಕ್ಕೆ ಮಾತ್ರ ಡ್ರೈವರ್ ಇದ್ದರೇನು? ವಿಂಡೋಸ್ 11 ತುಂಬಿಯೇ ಮಾರಾಟವಾದ ಯಂತ್ರಗಳಲ್ಲಿ ಇದು ಸಾಮಾನ್ಯ. ಎರಡೂ ವಿಂಡೋಸ್‌ಗಳ ಒಳ ಆವೃತ್ತಿ 10.0 ಎಂದೇ ಇರುವುದರಿಂದ ಒಂದೇ ಡ್ರೈವರ್ ಎರಡರಲ್ಲೂ ಓಡುವುದುಂಟು. ಆದರೆ ವಿಂಡೋಸ್ 10ರ ಕೊನೆಯ ಆವೃತ್ತಿಯ ಬಿಲ್ಡ್ ಸಂಖ್ಯೆ 19045, ವಿಂಡೋಸ್ 11 ಶುರುವಾಗುವುದೇ 22000ದಿಂದ. ಡ್ರೈವರ್ ಬರೆದವರು ಕನಿಷ್ಠ 22000 ಎಂದು ಗೊತ್ತುಪಡಿಸಿದ್ದರೆ ವಿಂಡೋಸ್ 10 ಅದನ್ನು ತನ್ನದೆಂದು ಗುರುತಿಸುವುದಿಲ್ಲ. ಆಗ ಬಲವಂತ ಮಾಡುವುದಕ್ಕಿಂತ ಮುಂದಿನ ಭಾಗದಲ್ಲಿ ಹೇಳಿದ ಸಾಮಾನ್ಯ ಡ್ರೈವರ್ ಮೇಲು.

ಲಕ್ಷಣ: ಡ್ರೈವರ್ ಹಾಕಿದ್ದಾಯಿತು, ಆದರೂ ಸದ್ದಿಲ್ಲ, ಅಥವಾ ಸಾಧನವೇ ಪಟ್ಟಿಯಿಂದ ಮಾಯ

ಹೆಚ್ಚಿನವರು ಸೋಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ. ಸದ್ದಿನ ಡ್ರೈವರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವದಲ್ಲಿ ಒಂದು ಸರಪಳಿ. ಮೊದಲ ಕೊಂಡಿ ಆಡಿಯೋ ಕಂಟ್ರೋಲರ್. ಪ್ರೊಸೆಸರ್ ಕಡೆಯಿಂದ ಬರುವ ಸದ್ದಿನ ದತ್ತಾಂಶವನ್ನು ಮುಂದಕ್ಕೆ ಸಾಗಿಸುವ ದಾರಿ ಅದು. ಎರಡನೆಯ ಕೊಂಡಿ ಕೋಡೆಕ್, ಅಂದರೆ ರಿಯಲ್‌ಟೆಕ್‌ನಂಥವರ ಚಿಪ್. ಅಂಕಿಗಳನ್ನು ವಿದ್ಯುತ್ ಅಲೆಗಳಾಗಿಸುವುದು ಅದರ ಕೆಲಸ. ಕೊನೆಯದು ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್. ಮೊದಲ ಕೊಂಡಿ ಏಳದಿದ್ದರೆ ಎರಡನೆಯದು ವಿಂಡೋಸ್‌ನ ಕಣ್ಣಿಗೇ ಬೀಳುವುದಿಲ್ಲ. ಆಗ ರಿಯಲ್‌ಟೆಕ್ ಡ್ರೈವರನ್ನು ಹತ್ತು ಸಲ ಹಾಕಿದರೂ ಅದು ಕೂರಲು ಜಾಗವೇ ಇರುವುದಿಲ್ಲ.

ಆದ್ದರಿಂದ ಡಿವೈಸ್ ಮ್ಯಾನೇಜರ್‌ನ 'ಸಿಸ್ಟಮ್ ಡಿವೈಸಸ್' ಗುಂಪನ್ನು ತೆರೆದು ನೋಡಿ. ಅಲ್ಲಿ 'ಹೈ ಡೆಫಿನಿಷನ್ ಆಡಿಯೋ ಕಂಟ್ರೋಲರ್' ಎಂದಿದ್ದರೆ ಅದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬದಲಿಗೆ 'ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ' ಎಂಬ ಹೆಸರಿರುತ್ತದೆ. ವಿಂಡೋಸ್ ಬದಲಾವಣೆಯಲ್ಲಿ ಎಡವುವುದು ಬಹುಪಾಲು ಇದೇ. ಇದರ ಮೇಲೆ ತ್ರಿಕೋನವಿದ್ದರೆ ಮೊದಲು ಸರಿಪಡಿಸಬೇಕಾದ್ದು ಇದನ್ನೇ, ರಿಯಲ್‌ಟೆಕ್ ಅನ್ನಲ್ಲ.

ಈ ಡ್ರೈವರ್‌ಗಳ ಆವೃತ್ತಿ ಎಷ್ಟು ಸೂಕ್ಷ್ಮವೆಂಬುದಕ್ಕೆ ಹಳೆಯ ಪ್ರಸಂಗಗಳಿವೆ. 2018ರ ಅಕ್ಟೋಬರ್‌ನಲ್ಲಿ ಇಂಟೆಲ್ ಆಡಿಯೋ ಡ್ರೈವರ್‌ನ 9.21.00.3755 ಆವೃತ್ತಿಯು ವಿಂಡೋಸ್ ಅಪ್‌ಡೇಟ್ ಮೂಲಕ ಹೋಗಬಾರದ ಯಂತ್ರಗಳಿಗೆ ಹೋಗಿ ಸದ್ದು ನಿಂತುಹೋಗಿತ್ತು. ಅದನ್ನು ತೆಗೆದುಹಾಕಲು ಮೈಕ್ರೋಸಾಫ್ಟ್ ಪ್ರತ್ಯೇಕ ಅಪ್‌ಡೇಟ್ ಕೊಡಬೇಕಾಯಿತು. ವಿಂಡೋಸ್ 11 ಬಂದ ಮೇಲೆ, 11ನೇ ಪೀಳಿಗೆಯ ಇಂಟೆಲ್ ಕೋರ್ ಯಂತ್ರಗಳಲ್ಲಿ ಸ್ಮಾರ್ಟ್ ಸೌಂಡ್ ಡ್ರೈವರ್‌ನ 10.29.0.5152 ಮತ್ತು 10.30.0.5152 ಆವೃತ್ತಿಗಳು ಯಂತ್ರ ಕುಸಿದಾಗ ಕಾಣುವ ನೀಲಿ ಪರದೆಯನ್ನೇ ತರುತ್ತಿದ್ದವು. ಕೊನೆಯ ನಾಲ್ಕು ಅಂಕಿ 5714 ಅಥವಾ ಅದಕ್ಕಿಂತ ಮೇಲಿನದನ್ನು ಹಾಕಿದ ಮೇಲೆಯೇ ಪರಿಹಾರವಾಯಿತು. ಯಂತ್ರ ಅದೇ, ಸ್ಪೀಕರ್ ಅದೇ. ಬದಲಾದದ್ದು ಕೊನೆಯ ನಾಲ್ಕು ಅಂಕಿ.

ಈಗ ಕೆಲಸಕ್ಕೆ ಬರೋಣ. ತಯಾರಕರ ಪುಟದಿಂದ ಚಿಪ್‌ಸೆಟ್ (ಮದರ್‌ಬೋರ್ಡ್‌ನ ಮುಖ್ಯ ಚಿಪ್‌ಗಳದು) ಮತ್ತು ಆಡಿಯೋ ಎರಡೂ ಪ್ಯಾಕೇಜುಗಳನ್ನು ಇಳಿಸಿಕೊಂಡು, ಇಂಟರ್ನೆಟ್ ಸಂಪರ್ಕ ಕಡಿದುಹಾಕಿ. ಸಂಪರ್ಕವಿದ್ದರೆ ನೀವು ತೆಗೆದದ್ದನ್ನು ವಿಂಡೋಸ್ ಅಪ್‌ಡೇಟ್ ಬೆನ್ನಹಿಂದೆಯೇ ತಂದು ಕೂರಿಸುತ್ತದೆ. ಬಳಿಕ ಡಿವೈಸ್ ಮ್ಯಾನೇಜರ್‌ನಲ್ಲಿ ಮೊದಲು ಕೋಡೆಕ್, ಆಮೇಲೆ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಆರಿಸಿ, ಡ್ರೈವರ್ ತಂತ್ರಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕಿ. ಮೇಲಿನ ಮೆನುವಿನಲ್ಲಿ 'ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್' ಒತ್ತಿದಾಗ ಅದಕ್ಕಿಂತ ಹಳೆಯ ಇನ್ನೊಂದು ಡ್ರೈವರ್ ಮೇಲೆ ಬರಬಹುದು, ಏಕೆಂದರೆ ವಿಂಡೋಸ್ ತನ್ನ ಉಗ್ರಾಣದಲ್ಲಿ ಹಲವು ಆವೃತ್ತಿಗಳನ್ನು ಪದರಪದರವಾಗಿ ಇಟ್ಟುಕೊಂಡಿರುತ್ತದೆ. ಆ ಚೌಕ ಕಾಣದಾಗುವವರೆಗೆ ಇದನ್ನೇ ಮಾಡಿ. ಆಗ ಉಳಿಯುವುದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಈ ಗುಂಪಿನಲ್ಲಿರುವ ಬೇರೆ ಸಿಸ್ಟಮ್ ಸಾಧನಗಳನ್ನು ಮಾತ್ರ ಮುಟ್ಟಬೇಡಿ.

ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಬೇರೇನೂ ಹಾಕದೆ ಮೊದಲು ಸದ್ದು ಬರುತ್ತಿದೆಯೇ ನೋಡಿ. ಬಂದರೆ ಯಂತ್ರಾಂಶವೆಲ್ಲ ಕ್ಷೇಮವೆಂದು ಖಾತ್ರಿಯಾಯಿತು. ಸಾಮಾನ್ಯ ಡ್ರೈವರ್‌ನಲ್ಲೇ ತೃಪ್ತರಾದವರು ಅಲ್ಲಿಗೇ ನಿಲ್ಲಿಸಬಹುದು, ಅದರಲ್ಲಿ ಕೀಳರಿಮೆಯೇನೂ ಇಲ್ಲ. ಒಂದು ನಷ್ಟವಿದೆ: ಸ್ಮಾರ್ಟ್ ಸೌಂಡ್ ಇದ್ದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಮೈಕ್ ಅದರ ಮೂಲಕವೇ ಕೆಲಸ ಮಾಡುವುದರಿಂದ, ಸಾಮಾನ್ಯ ಡ್ರೈವರ್‌ನಲ್ಲಿ ಸ್ಪೀಕರ್ ಹಾಡಿದರೂ ಮೈಕ್ ಇರುವುದಿಲ್ಲ. ಮೈಕ್ ಬೇಕಾದವರು ಚಿಪ್‌ಸೆಟ್ ಪ್ಯಾಕೇಜ್ ಮೊದಲು, ಆಡಿಯೋ ಪ್ಯಾಕೇಜ್ ಆಮೇಲೆ ಹಾಕಿ, ಎರಡರ ನಡುವೆ ಒಮ್ಮೆ ರೀಸ್ಟಾರ್ಟ್ ಮಾಡಬೇಕು.

ಲಕ್ಷಣ: ಹೆಡ್‌ಫೋನ್‌ನಲ್ಲಿ ಸದ್ದಿದೆ, ಲ್ಯಾಪ್‌ಟಾಪ್‌ನ ಸ್ಪೀಕರ್‌ನಲ್ಲಿ ಇಲ್ಲ

ಸರಪಳಿಯ ಮೊದಲೆರಡು ಕೊಂಡಿಗಳು ಸರಿಯಾಗಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಉಳಿದದ್ದು ಎರಡು ಸಾಧ್ಯತೆ. ಹೆಡ್‌ಫೋನ್ ತೂತಿನಲ್ಲಿ ಪಿನ್ ಇನ್ನೂ ಇದೆ ಎಂದು ಯಂತ್ರ ಭಾವಿಸಿರಬಹುದು. ಪಿನ್ನನ್ನು ನಾಲ್ಕೈದು ಸಲ ಹಾಕಿ ತೆಗೆದು, ತೂತಿನಲ್ಲಿ ಧೂಳಿದ್ದರೆ ಯಂತ್ರ ಆರಿಸಿ ಊದಿ ತೆಗೆಯಿರಿ. ಪಿನ್ನು, ಸೂಜಿಯಂಥ ಲೋಹದ ವಸ್ತುಗಳನ್ನು ಒಳಗೆ ತೂರಿಸಬಾರದು. ಇನ್ನೊಂದು, ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇದ್ದು, ಅದಕ್ಕೆ ತನ್ನದೇ ಡ್ರೈವರ್ ಬೇಕಾಗಿರುತ್ತದೆ. ಸಾಮಾನ್ಯ ಡ್ರೈವರ್‌ಗೆ ಅದರ ಅರಿವಿಲ್ಲ. ತಯಾರಕರ ಪೂರ್ತಿ ಆಡಿಯೋ ಪ್ಯಾಕೇಜ್ ವಿಂಡೋಸ್ 10ಕ್ಕೆ ಲಭ್ಯವಿದ್ದರೆ ಮಾತ್ರ ಇದಕ್ಕೆ ಪರಿಹಾರ. ಇಲ್ಲದಿದ್ದರೆ ಹೊರಗಿನ ಸ್ಪೀಕರ್ ಅಥವಾ ವಿಂಡೋಸ್ 11, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಲಕ್ಷಣ: ಸರಿಹೋಗಿತ್ತು, ಒಂದೆರಡು ದಿನದಲ್ಲಿ ಮತ್ತೆ ಹೋಯಿತು

ಇದು ವಿಂಡೋಸ್ ಅಪ್‌ಡೇಟ್‌ನ ಕೈವಾಡ. ಸೆಟ್ಟಿಂಗ್ಸ್‌ನ 'ಅಪ್‌ಡೇಟ್ ಹಿಸ್ಟರಿ'ಯಲ್ಲಿ 'ಡ್ರೈವರ್ ಅಪ್‌ಡೇಟ್ಸ್' ಭಾಗ ತೆರೆದು, ಸದ್ದು ಹೋದ ದಿನಾಂಕಕ್ಕೆ ಸರಿಯಾಗಿ ಧ್ವನಿಯ ಡ್ರೈವರ್ ಬಂದಿದೆಯೇ ನೋಡಿ. ಬಂದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ 'ಡ್ರೈವರ್' ಟ್ಯಾಬ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಆ ಗುಂಡಿ ಮಸುಕಾಗಿದ್ದರೆ ಹಿಂದಿನ ಪ್ರತಿ ಉಳಿದಿಲ್ಲ. ಮೇಲಿನ ಭಾಗದಲ್ಲಿ ಹೇಳಿದಂತೆ ತೆಗೆದು ಹಾಕಬೇಕು. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್' ಹುಡುಕಿ 'ನೋ' ಎಂದು ಆರಿಸಿ. ಅಪ್‌ಡೇಟ್‌ಗಳನ್ನೇ ಶಾಶ್ವತವಾಗಿ ನಿಲ್ಲಿಸುವುದು ಬೇಡ, ಭದ್ರತೆಗೆ ಅವು ಬೇಕು. ತೀರಾ ಅಗತ್ಯವಿದ್ದರೆ 35 ದಿನಗಳವರೆಗೆ ತಡೆಹಿಡಿಯಬಹುದು.

ಲಕ್ಷಣ: ಸದ್ದು ಬರುತ್ತದೆ, ಮೈಕ್ ಮಾತ್ರ ಇಲ್ಲ

ಸೆಟ್ಟಿಂಗ್ಸ್‌ನ 'ಪ್ರೈವೆಸಿ' ಭಾಗದಲ್ಲಿ 'ಮೈಕ್ರೊಫೋನ್' ಪುಟ ತೆರೆದು ಮೂರೂ ಅನುಮತಿಗಳನ್ನು ನೋಡಿ: ಸಾಧನಕ್ಕೆ, ಆ್ಯಪ್‌ಗಳಿಗೆ ಮತ್ತು ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ. ವಿಂಡೋಸ್ ಬದಲಾದಾಗ ಇವು ಮುಚ್ಚಿಹೋಗಿರಬಹುದು. ಮೂರೂ ತೆರೆದಿದ್ದರೆ, ಸ್ಮಾರ್ಟ್ ಸೌಂಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ದೋಷ ಹೆಚ್ಚಾಗಿ ಆ ಕೊಂಡಿಯಲ್ಲಿರುತ್ತದೆ.

ಲಕ್ಷಣ: ಯಾವ ಪಟ್ಟಿಯಲ್ಲೂ ಧ್ವನಿ ಸಾಧನದ ಸುಳಿವೇ ಇಲ್ಲ

ತ್ರಿಕೋನವೂ ಇಲ್ಲ, ಹೆಸರಿಲ್ಲದ ಸಾಧನವೂ ಇಲ್ಲ ಎಂದರೆ ಚಿಪ್ ವಿಂಡೋಸ್‌ಗೆ ಕಾಣುತ್ತಲೇ ಇಲ್ಲ. ಯಂತ್ರ ಏಳುವಾಗ ಬಯಾಸ್‌ಗೆ ಹೋಗಿ ಧ್ವನಿಗೆ ಸಂಬಂಧಿಸಿದ ಆಯ್ಕೆ 'ಡಿಸೇಬಲ್ಡ್' ಆಗಿದೆಯೇ ನೋಡಿ. ಬಿಟ್‌ಲಾಕರ್ ಇರುವವರು ಅದನ್ನು ವಿಂಡೋಸ್‌ನಲ್ಲಿ ಮೊದಲು 'ಸಸ್ಪೆಂಡ್' ಮಾಡಿಕೊಳ್ಳಲಿ. ಬಯಾಸ್‌ನಲ್ಲಿ ಬೇರಾವ ಆಯ್ಕೆಯನ್ನೂ ಪ್ರಯೋಗಕ್ಕೆಂದು ಬದಲಿಸಬೇಡಿ. ಅದು ಸರಿಯಿದ್ದರೆ ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಮತ್ತು ಎಲ್ಲ ತಂತಿಗಳನ್ನು ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿಯಿರಿ. ಚಿಪ್‌ನಲ್ಲಿ ಉಳಿದುಕೊಂಡ ಹಳೆಯ ಸ್ಥಿತಿ ಅಳಿಸಿ, ಮುಂದಿನ ಸಲ ಅದು ಹೊಸದಾಗಿ ಏಳುತ್ತದೆ.

ಆಗಲೂ ಕಾಣದಿದ್ದರೆ ವಿಂಡೋಸ್ ಇಲ್ಲದೆ ಪರೀಕ್ಷಿಸಬೇಕು. ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಉಬುಂಟುವಿನ ಇತ್ತೀಚಿನ ಆವೃತ್ತಿಯನ್ನು ಪೆನ್ ಡ್ರೈವ್‌ಗೆ ಹಾಕಿ, ಡಿಸ್ಕ್‌ನಲ್ಲಿ ಏನನ್ನೂ ಸ್ಥಾಪಿಸದೆ 'ಟ್ರೈ' ಆಯ್ಕೆಯಲ್ಲಿ ಯಂತ್ರವನ್ನು ಎಬ್ಬಿಸಿ ಒಂದು ಹಾಡು ಕೇಳಿ. ಅಲ್ಲಿ ಸದ್ದು ಬಂದರೆ ಯಂತ್ರಾಂಶ ಸರಿಯಾಗಿದೆ, ದೋಷ ವಿಂಡೋಸ್‌ನದೇ. ಬಾರದಿದ್ದರೆ ಒಮ್ಮೆಗೇ ತೀರ್ಮಾನಕ್ಕೆ ಬರಬೇಡಿ; ತೀರ ಹೊಸ ಲ್ಯಾಪ್‌ಟಾಪ್‌ಗಳ ಚಿಪ್‌ಗೆ ಅಲ್ಲಿಯೂ ಬೆಂಬಲ ಇಲ್ಲದಿರಬಹುದು. ಪೆನ್ ಡ್ರೈವ್‌ನಲ್ಲಿ 'ಇನ್‌ಸ್ಟಾಲ್' ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ, ಅದನ್ನು ಒತ್ತಿ ಡಿಸ್ಕ್ ಅಳಿಸಿಕೊಳ್ಳದಂತೆ ಎಚ್ಚರವಿರಲಿ.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ, ಕೈಯಿಡಲಾಗದಷ್ಟು ಬಿಸಿ, ಉಬ್ಬಿದ ತಳ, ನೀರು ಬಿದ್ದ ಇತಿಹಾಸ: ಇವುಗಳಲ್ಲಿ ಒಂದಿದ್ದರೂ ಡ್ರೈವರ್‌ನ ಗೋಜಿಗೆ ಹೋಗದೆ ಯಂತ್ರ ಆರಿಸಿ ರಿಪೇರಿಗೆ ಒಯ್ಯಿರಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಪೆಟ್ಟಿಗೆಯನ್ನು ಪ್ಲಗ್ ತೆಗೆದ ಮೇಲೂ ಬಿಚ್ಚಬಾರದು, ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಬಯಾಸನ್ನು ಹಳೆಯ ಆವೃತ್ತಿಗೆ ಇಳಿಸುವ ಯೋಚನೆಯಿದ್ದರೆ ಅದನ್ನು ತಯಾರಕರ ಸೇವಾಕೇಂದ್ರಕ್ಕೆ ಬಿಡಿ. ನಡುವೆ ಕರೆಂಟ್ ಹೋದರೆ ಸದ್ದಿಲ್ಲದ ಯಂತ್ರ ಜೀವವೇ ಇಲ್ಲದ ಯಂತ್ರವಾಗುತ್ತದೆ. ವಾರಂಟಿ ಇರುವವರು ಸ್ಕ್ರೂ ಬಿಚ್ಚದೆ ಮೊದಲು ಅಲ್ಲಿಗೇ ಫೋನ್ ಮಾಡುವುದು ಒಳ್ಳೆಯದು.

ಅಂಗಡಿಗೆ ಹೋಗುವ ಮೊದಲು ಒಂದು ಯುಎಸ್‌ಬಿ ಹೆಡ್‌ಸೆಟ್ ಎರವಲು ತಂದು ಸಿಕ್ಕಿಸಿ ನೋಡಿ. ಅದಕ್ಕೆ ತನ್ನದೇ ಚಿಪ್ ಇರುವುದರಿಂದ ಯಂತ್ರದ ಕೋಡೆಕ್‌ನ ಹಂಗಿಲ್ಲ. ಅದರಲ್ಲಿ ಸದ್ದು ಬಂದರೆ ವಿಂಡೋಸ್‌ನ ಧ್ವನಿ ವ್ಯವಸ್ಥೆ ಸರಿಯಿದೆ. ಅದರಲ್ಲೂ ಬಾರದಿದ್ದರೆ ದೋಷ ಹೆಚ್ಚಾಗಿ ವಿಂಡೋಸ್‌ನ ಸೇವೆಗಳಲ್ಲಿರುತ್ತದೆ, ಮದರ್‌ಬೋರ್ಡ್ ಬದಲಿಸಬೇಕೆನ್ನುವವರ ಮಾತಿಗೆ ಒಪ್ಪಬೇಡಿ. ಧ್ವನಿಯ ಚಿಪ್ ನಿಜವಾಗಿಯೂ ಸತ್ತಿದ್ದರೂ ಕೆಲವು ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಒಂದರಿಂದ ಕೆಲಸ ಸಾಗುತ್ತದೆ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಅದು ಸಿಗುತ್ತದೆ. ರಿಪೇರಿಯವರ ಬಳಿ ಹೋಗುವಾಗ ಯಂತ್ರದ ಮಾದರಿ, ಮರಳಿದ ದಿನಾಂಕ ಮತ್ತು ದಾರಿ, ಡಿವೈಸ್ ಮ್ಯಾನೇಜರ್‌ನ ಕೋಡ್, ಹಾರ್ಡ್‌ವೇರ್ ಐಡಿಯ ಸಾಲು, ಮತ್ತು ಯುಎಸ್‌ಬಿ ಹೆಡ್‌ಸೆಟ್‌ನ ಫಲಿತಾಂಶ ಇರುವ ಚೀಟಿಯನ್ನು ಜೊತೆಗೆ ಕೊಡಿ. ವಿಂಡೋಸ್ ಮತ್ತೆ ಹೊಸದಾಗಿ ಹಾಕಬೇಕೆಂದು ಅವರು ಹೇಳಿದರೆ, ಡಿಸ್ಕ್ ಅಳಿಸುವ ಮುನ್ನ ನಿಮ್ಮನ್ನು ಕೇಳಬೇಕೆಂದು ಆ ಚೀಟಿಯ ಮೇಲೆಯೇ ಬರೆದುಬಿಡಿ.